ರಸಾಯನ ಇಂಜಿನಿಯರಿಂಗ್ ಶಿಕ್ಷಣ ಮತ್ತು ನಮ್ಮ ಮಕ್ಕಳು

ಪ್ರತಿ ವರ್ಷ ಹನ್ನೆರಡನೆಯ ಇಯತ್ತೆಯ ಫಲಿತಾಂಶ ಪ್ರಕಟವಾಯಿತೆಂದರೆ ಹೊರನಾಡಿನ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಗುಮಾಸ್ತರ ಮನೆಯಿರಲಿ, ಹೋಟೆಲು ಕಾರ್ಮಿಕರ ಮನೆಯಿರಲಿ, ಮಗನಿಗೋ ಮಗಳಿಗೋ ಇಂಜಿನಿಯರಿಂಗ್ ಓದಿಸಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಯಾವ ಶಾಖೆ ಎಂಬುದೂ ನೆರೆಹೊರೆಯವರ ಬಾಯಿಂದ ನಿಶ್ಚಯವಾಗಿಬಿಟ್ಟಿರುತ್ತದೆ. ಆ ಶಾಖೆ ಗಣಕಯಂತ್ರದ್ದು. ಅದು ದೊರೆಯದಿದ್ದರೆ ಮಾತ್ರ ಉಳಿದ ಶಾಖೆಗಳ ಹೆಸರನ್ನು ಓದಿ ನೋಡುವುದು ವಾಡಿಕೆ. ಆ ಪಟ್ಟಿಯಲ್ಲಿ 'ಕೆಮಿಕಲ್' ಎಂಬ ಹೆಸರು ಕಂಡೊಡನೆ ಪಾಲಕರು ಮುಖ ಸಣ್ಣದು ಮಾಡುತ್ತಾರೆ. ಸಾಬೂನು ಬೇಯಿಸುವ ಕೆಲಸವೇ, ಆಮ್ಲದ ಪೀಪಾಯಿಗಳ ನಡುವೆ ನಿಲ್ಲುವ ಕೆಲಸವೇ, ಬಿ.ಎಸ್ಸಿ. ಓದಿದವನಿಗೂ ಇವನಿಗೂ ಏನು ಭೇದ ಎಂದು ನಮ್ಮ ಕಚೇರಿಗೆ ಬಂದು ವಿಚಾರಿಸುವ ವಾಚಕರೂ ಇದ್ದಾರೆ. ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಸಿಗಬೇಕಾದುದು ಅವಶ್ಯ. ಏಕೆಂದರೆ ನಾಲ್ಕು ವರ್ಷಗಳ ಆಯುಸ್ಸು, ಒಂದು ಕುಟುಂಬದ ಉಳಿತಾಯ, ಕೆಲವೊಮ್ಮೆ ಊರಿನ ಗದ್ದೆಯ ಅಡವು ಇವೆಲ್ಲವೂ ಆ ಒಂದು ನಿರ್ಧಾರಕ್ಕೆ ಕಟ್ಟಿಬಿದ್ದಿರುತ್ತವೆ.

ಮೊದಲನೆಯದಾಗಿ, ರಸಾಯನ ಶಾಸ್ತ್ರಜ್ಞನೂ ರಸಾಯನ ಇಂಜಿನಿಯರನೂ ಒಬ್ಬನೇ ಅಲ್ಲ. ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ಒಂದು ಹೊಸ ಪದಾರ್ಥವನ್ನು ಮಾಡಿ ತೋರಿಸುವುದು ಶಾಸ್ತ್ರಜ್ಞನ ಕೆಲಸ. ಅದನ್ನೇ ದಿನಕ್ಕೆ ನೂರು ಟನ್ನಿನಂತೆ, ಅಪಾಯವಿಲ್ಲದೆ, ನಷ್ಟವಿಲ್ಲದೆ, ಇಂದಿನಂತೆಯೇ ನಾಳೆಯೂ ಬರುವಂತೆ ತಯಾರಿಸುವುದು ಇಂಜಿನಿಯರನ ಕೆಲಸ. ಈ ಭೇದವನ್ನು ಹೋಟೆಲಿನವರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ಮನೆಯಲ್ಲಿ ಐದು ಜನರಿಗೆ ಸೊಗಸಾದ ಸಾಂಬಾರು ಮಾಡುವ ಗೃಹಿಣಿಯನ್ನು ಐನೂರು ಜನರ ಕೊಪ್ಪರಿಗೆಯ ಮುಂದೆ ನಿಲ್ಲಿಸಿದರೆ ಎಲ್ಲ ಪದಾರ್ಥಗಳನ್ನೂ ನೂರು ಪಾಲು ಹೆಚ್ಚಿಸಿದ ಮಾತ್ರಕ್ಕೆ ಅದೇ ರುಚಿ ಬಾರದು. ಇದಕ್ಕೆ ಗಣಿತದ ಕಾರಣವಿದೆ. ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಎರಡು ಪಟ್ಟು ಮಾಡಿದರೆ ಅದರೊಳಗೆ ಹಿಡಿಸುವ ಪದಾರ್ಥ ಎಂಟು ಪಟ್ಟಾಗುತ್ತದೆ. ಶಾಖವು ಒಳಹೋಗುವ ಹಾಗೂ ಹೊರಬರುವ ಮೈ ಮಾತ್ರ ನಾಲ್ಕೇ ಪಟ್ಟು. ಆದುದರಿಂದಲೇ ದೊಡ್ಡ ಕೊಪ್ಪರಿಗೆ ಕಾಯುವುದಕ್ಕೂ ತಡ, ಆರುವುದಕ್ಕೂ ತಡ. ಹಾಗೆಯೇ ಮುಚ್ಚಿಟ್ಟ ಸಾಂಬಾರು ಬೆಳಗಾಗುವುದರೊಳಗೆ ಹಳಸುವುದಕ್ಕೂ ಇದೇ ಕಾರಣ. ಕಾರ್ಖಾನೆಯಲ್ಲಿ ಹಳಸುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಶಾಖವನ್ನು ತಾನೇ ಉತ್ಪಾದಿಸುವ ರಸಾಯನ ಕ್ರಿಯೆಯೊಂದರಲ್ಲಿ ಹೊರಹೋಗುವ ಶಾಖಕ್ಕಿಂತ ಹುಟ್ಟುವ ಶಾಖ ಹೆಚ್ಚಾಯಿತೆಂದರೆ ಪಾತ್ರೆ ಸಿಡಿಯುತ್ತದೆ. ಗಾಜಿನ ನಳಿಗೆಯಲ್ಲಿ ಸಾಧುವಾಗಿದ್ದ ಕ್ರಿಯೆಯು ದೊಡ್ಡ ಪಾತ್ರೆಯಲ್ಲಿ ಯಮನಾಗುವುದು ಹೀಗೆ.

ಇತಿಹಾಸದಲ್ಲಿ ಇದಕ್ಕೊಂದು ಉತ್ತಮ ನಿದರ್ಶನವಿದೆ. ಗಾಳಿಯಲ್ಲಿರುವ ನೈಟ್ರೋಜನ್ನನ್ನು ಹೈಡ್ರೋಜನ್ನಿನೊಡನೆ ಸೇರಿಸಿ ಅಮೋನಿಯಾ ಮಾಡಬಹುದೆಂದು ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದನು. ಅಲ್ಲಿ ಅದು ತೊಟ್ಟು ತೊಟ್ಟಾಗಿ ಬಂತು. ಅದನ್ನು ಕಾರ್ಖಾನೆಗೆ ತರಲು ಹೊರಟ ಕಾರ್ಲ್ ಬಾಷನಿಗೆ ಎದುರಾದುದು ಬೇರೆಯೇ ಸಮಸ್ಯೆ. ಸುಮಾರು 200 ವಾತಾವರಣಗಳ ಒತ್ತಡದಲ್ಲಿ, ಕೆಂಪಗೆ ಕಾದ ಉಕ್ಕಿನ ಪಾತ್ರೆಯೊಳಕ್ಕೆ ಹೈಡ್ರೋಜನ್ ನುಗ್ಗಿ ಉಕ್ಕಿನೊಳಗಿನ ಇಂಗಾಲವನ್ನೇ ತಿಂದುಹಾಕುತ್ತಿತ್ತು, ಪಾತ್ರೆಗಳು ಒಡೆಯುತ್ತಿದ್ದವು. ಒಳಗೆ ಇಂಗಾಲವಿಲ್ಲದ ಮೃದು ಕಬ್ಬಿಣದ ಹೊದಿಕೆಯನ್ನು ಹಾಕಿ, ಹೊರಗಿನ ಉಕ್ಕಿಗೆ ಸಣ್ಣ ರಂಧ್ರಗಳನ್ನು ಕೊರೆದು, ಸೋರಿದ ಅನಿಲ ನಿರುಪದ್ರವವಾಗಿ ಹೊರಬೀಳುವಂತೆ ಬಾಷನು ಏರ್ಪಡಿಸಿದನು. 1913ರಲ್ಲಿ ಓಪಾವು ಎಂಬಲ್ಲಿ ಕಾರ್ಖಾನೆ ನಡೆಯಲಾರಂಭಿಸಿತು. ಇಂದು ನಮ್ಮ ರೈತನು ಗದ್ದೆಗೆ ಎರಚುವ ಯೂರಿಯಾ ಆ ವಿಧಾನದ ಸಂತಾನವೇ. ಹೇಬರನಿಗೆ 1918ರ ನೊಬೆಲ್ ಪಾರಿತೋಷಕವೂ ಬಾಷನಿಗೆ 1931ರದೂ ಸಂದಿತು. ಕಂಡುಹಿಡಿದವನಿಗೆ ಎಷ್ಟು ಮಾನವೋ ನಡೆಯುವಂತೆ ಮಾಡಿದವನಿಗೂ ಅಷ್ಟೇ ಮಾನವೆಂದು ಲೋಕವು ಒಪ್ಪಿಕೊಂಡಂತಾಯಿತು.

ಈ ಶಾಸ್ತ್ರಕ್ಕೆ ವಯಸ್ಸು ಹೆಚ್ಚಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜಾರ್ಜ್ ಡೇವಿಸ್ ಎಂಬವರು 1887ರಲ್ಲಿ ಕೊಟ್ಟ ಉಪನ್ಯಾಸಗಳೇ ಅದರ ಮೊದಲ ಪಾಠಗಳು. ಮರುವರ್ಷವೇ ಅಮೆರಿಕೆಯ ಎಂ.ಐ.ಟಿ.ಯಲ್ಲಿ ನಾಲ್ಕು ವರ್ಷಗಳ ತರಗತಿ ಆರಂಭವಾಯಿತು. ಸಕ್ಕರೆಯ ಕಾರ್ಖಾನೆಯಾಗಲಿ, ಔಷಧದ್ದಾಗಲಿ, ಎಣ್ಣೆಯದಾಗಲಿ, ಒಳಗೆ ನಡೆಯುವ ಕೆಲಸಗಳು ಕೆಲವೇ ಬಗೆಯವು: ಕಾಯಿಸುವುದು, ಆರಿಸುವುದು, ಸೋಸುವುದು, ಬೆರೆಸುವುದು, ಅರೆಯುವುದು, ಒಣಗಿಸುವುದು, ಭಟ್ಟಿಯಿಳಿಸುವುದು. ಇವನ್ನು ಒಂದೊಂದಾಗಿ ಶಾಸ್ತ್ರೋಕ್ತವಾಗಿ ಕಲಿತವನು ಯಾವ ಕಾರ್ಖಾನೆಯನ್ನಾದರೂ ಅರ್ಥಮಾಡಿಕೊಳ್ಳಬಲ್ಲನೆಂಬ ತತ್ತ್ವವನ್ನು 1915ರಲ್ಲಿ ಆರ್ಥರ್ ಲಿಟಲ್ ಸ್ಪಷ್ಟವಾಗಿ ಸಾರಿದರು. ಇವೆಲ್ಲವೂ ನಮ್ಮ ಅಡುಗೆಮನೆಯಲ್ಲಿ ನಸುಕಿನಿಂದಲೇ ನಡೆಯುವ ಕೆಲಸಗಳಲ್ಲವೇ? ಕಾಫಿಪುಡಿಯ ಮೇಲೆ ಕುದಿನೀರು ಸುರಿದು ಡಿಕಾಕ್ಷನ್ ಇಳಿಸುವುದು ಘನಪದಾರ್ಥದಿಂದ ಸಾರವನ್ನು ದ್ರವಕ್ಕೆ ಸೆಳೆಯುವ ಕ್ರಿಯೆ. ಇಡ್ಲಿಯ ಹಿಟ್ಟು ರಾತ್ರಿಯಲ್ಲಿ ಉಬ್ಬುವುದು ಸೂಕ್ಷ್ಮಜೀವಿಗಳ ಕೆಲಸ. ಇಡ್ಲಿಯು ಹಬೆಯಲ್ಲಿ ಬೇಗ ಬೇಯುವುದೇಕೆ? 1 ಗ್ರಾಂ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 70 ಕ್ಯಾಲರಿ ಶಾಖ ಸಾಕು. ಅದೇ 1 ಗ್ರಾಂ ಹಬೆಯು ತಣ್ಣನೆಯ ಇಡ್ಲಿಗೆ ತಗಲಿ ನೀರಾಗುವಾಗ ಸುಮಾರು 540 ಕ್ಯಾಲರಿಗಳನ್ನು ಬಿಟ್ಟುಕೊಡುತ್ತದೆ. ಕುದಿನೀರಿನ ಸುಡುಗಾಯಕ್ಕಿಂತ ಹಬೆಯ ಸುಡುಗಾಯ ಘೋರವಾಗಿರುವುದೂ ಇದರಿಂದಲೇ. ನಮ್ಮ ಭಟ್ಟರಿಗೆ ಇದು ಕೈಯ ಅನುಭವ. ವಿದ್ಯಾರ್ಥಿಗೆ ಇದು ಲೆಕ್ಕ.

ಲೆಕ್ಕವೆಂದೆವು. ಈ ವಿದ್ಯೆಯ ಬೆನ್ನೆಲುಬೇ ಲೆಕ್ಕ. ಮೊದಲ ವರ್ಷದಲ್ಲಿ ಗಣಿತ, ಭೌತಶಾಸ್ತ್ರ, ರಸಾಯನ, ನಕ್ಷೆ ಬರೆಯುವುದು ಮುಂತಾದುವು ಎಲ್ಲ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಬಹುತೇಕ ಸಮಾನ. ಎರಡನೆಯ ವರ್ಷದ ಹೊತ್ತಿಗೆ ದ್ರವ್ಯ ಹಾಗೂ ಶಾಖದ ಜಮಾ-ಖರ್ಚು ಎಂಬ ವಿಷಯ ಬರುತ್ತದೆ. ಒಳಬಂದದ್ದೆಷ್ಟು, ಹೊರಹೋದದ್ದೆಷ್ಟು, ಒಳಗುಳಿದದ್ದೆಷ್ಟು ಎಂಬ ಈ ಮೂರು ಅಂಕಣಗಳು ತಾಳೆಯಾಗಲೇಬೇಕು. ಆಗದಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಅಳತೆ ತಪ್ಪಿದೆ. ಉಗ್ರಾಣದ ಪುಸ್ತಕವನ್ನೂ ಗಲ್ಲಾದ ಹಣವನ್ನೂ ಪ್ರತಿ ರಾತ್ರಿ ತಾಳೆ ನೋಡುವ ಹೋಟೆಲಿನ ರೈಟರಿಗೂ, ಖಾತೆ ಪುಸ್ತಕದಲ್ಲಿ ನಾಲ್ಕಾಣೆಯ ವ್ಯತ್ಯಾಸಕ್ಕೆ ನಾಲ್ಕು ಗಂಟೆ ಕುಳಿತ ಗುಮಾಸ್ತನಿಗೂ ಈ ತತ್ತ್ವ ಅಪರಿಚಿತವೇನಲ್ಲ. ಅನಂತರ ದ್ರವಗಳ ಹರಿವು, ಉಷ್ಣಗತಿಶಾಸ್ತ್ರ, ಶಾಖದ ವರ್ಗಾವಣೆ, ಪದಾರ್ಥಗಳನ್ನು ಬೇರ್ಪಡಿಸುವ ವಿಧಾನಗಳು, ರಸಾಯನ ಕ್ರಿಯೆಯ ವೇಗ, ಯಂತ್ರಗಳ ಸ್ವಯಂ ನಿಯಂತ್ರಣ, ಕೊನೆಯಲ್ಲಿ ಇಡೀ ಕಾರ್ಖಾನೆಯೊಂದರ ವಿನ್ಯಾಸ ಮತ್ತು ಅದರ ವೆಚ್ಚದ ಅಂದಾಜು. ರಸಾಯನದ ಸೂತ್ರಗಳನ್ನು ಬಾಯಿಪಾಠ ಮಾಡಿ ಪಾರಾಗಬಹುದೆಂದು ಬರುವ ಹುಡುಗನು ಇಲ್ಲಿ ನಿರಾಶನಾಗುವನು. ಗಣಿತದಲ್ಲಿ ಪ್ರೀತಿಯಿಲ್ಲದವನಿಗೆ ಈ ಶಾಖೆ ಸಲ್ಲದೆಂದು ಸ್ಪಷ್ಟವಾಗಿಯೇ ಹೇಳುತ್ತೇವೆ.

ಇನ್ನು ಎಲ್ಲಿ ಓದಬೇಕು? ಮುಂಬಯಿಯ ಕನ್ನಡಿಗರು ದೂರ ಹುಡುಕಬೇಕಾದುದಿಲ್ಲ. ನಮ್ಮವರ ಹೋಟೆಲುಗಳಿಂದಲೇ ಹೆಸರಾದ ಮಾಟುಂಗದಲ್ಲಿ ಈ ವಿದ್ಯೆಯ ದೊಡ್ಡ ಪೀಠವಿದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ರಸಾಯನ ತಂತ್ರಶಾಸ್ತ್ರ ವಿಭಾಗವಾಗಿ ಹುಟ್ಟಿ, 1943ರಲ್ಲಿ ಮಾಟುಂಗಕ್ಕೆ ಬಂದು, 2008ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯದ ಅಂತಸ್ತನ್ನು ಪಡೆದ ಆ ಸಂಸ್ಥೆ ಇಂದು ಐ.ಸಿ.ಟಿ. ಎಂಬ ಹೆಸರಿನಿಂದ ನಡೆಯುತ್ತಿದೆ. ಅಲ್ಲಿ ಕಲಿತು ಅಲ್ಲಿಯೇ ಕಲಿಸಿದ ಪ್ರೊಫೆಸರ್ ಎಂ. ಎಂ. ಶರ್ಮಾ ಅವರು 1990ರಲ್ಲಿ ಲಂಡನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಹೈದರಾಬಾದಿನಲ್ಲಿ ಡಾ. ರೆಡ್ಡೀಸ್ ಔಷಧ ಸಂಸ್ಥೆಯನ್ನು ಕಟ್ಟಿದ ಅಂಜಿ ರೆಡ್ಡಿಯವರೂ ಮುಕೇಶ್ ಅಂಬಾನಿಯವರೂ ಅಲ್ಲಿಯ ವಿದ್ಯಾರ್ಥಿಗಳೇ. ಅಲ್ಲಿಯ ಬಹುಪಾಲು ಸ್ಥಾನಗಳು ಮಹಾರಾಷ್ಟ್ರದ ಎಂ.ಎಚ್.ಟಿ.-ಸಿ.ಇ.ಟಿ. ಪರೀಕ್ಷೆಯ ಮೂಲಕವೂ ಉಳಿದವು ಜೆ.ಇ.ಇ. ಮೇನ್ ಮೂಲಕವೂ ತುಂಬಲ್ಪಡುತ್ತವೆ. ಆ ಸಂಸ್ಥೆಯ ವಿದ್ಯಾರ್ಥಿಗಳಿಗೆ ದೋಸೆ ಬಡಿಸಿ, ಕಾಫಿ ಕೊಟ್ಟು, ಬಿಲ್ಲು ಬರೆದವರು ತಲೆಮಾರುಗಳಿಂದ ನಮ್ಮವರು. ಬಡಿಸಿದವನ ಮಗಳು ಆ ಬೆಂಚಿನ ಮೇಲೆ ಕುಳಿತು ಓದುವುದು ಅಸಾಧ್ಯವೆಂದು ಯಾರೂ ಭಾವಿಸತಕ್ಕದ್ದಲ್ಲ. ಪವಾಯಿಯ ಐ.ಐ.ಟಿ.ಯಲ್ಲಿಯೂ ಈ ಶಾಖೆಯಿದೆ. ಅಲ್ಲಿನ ಪ್ರವೇಶ ಪರೀಕ್ಷೆ ಮತ್ತಷ್ಟು ಕಠಿನ.

ಊರಿನ ಕಡೆಗೆ ಕಳುಹಿಸಬಯಸುವವರಿಗೆ ಸುರತ್ಕಲ್ಲಿನ ಎನ್.ಐ.ಟಿ.ಯಿದೆ, 1960ರಲ್ಲಿ ಕೆ.ಆರ್.ಇ.ಸಿ. ಎಂಬ ಹೆಸರಿನಿಂದ ಸ್ಥಾಪಿತವಾದ ಈ ವಿದ್ಯಾಲಯವನ್ನು ಕರಾವಳಿಯವರಿಗೆ ನಾವು ಪರಿಚಯಿಸಬೇಕಾಗಿಲ್ಲ. ಬೆಂಗಳೂರು, ತುಮಕೂರು, ಮಣಿಪಾಲಗಳಲ್ಲಿಯೂ ಈ ಶಾಖೆಯನ್ನು ಕಲಿಸುವ ವಿದ್ಯಾಲಯಗಳಿವೆ. ಪರಿಸರ ಇಂಜಿನಿಯರಿಂಗನ್ನೇ ಪ್ರತ್ಯೇಕ ಪದವಿಯಾಗಿ ಕಲಿಸಿಕೊಂಡು ಬಂದ ಕೀರ್ತಿ ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಿನದು. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸುರತ್ಕಲ್ಲಿನಂತಹ ಎನ್.ಐ.ಟಿ.ಗಳಲ್ಲಿ ವಿದ್ಯಾರ್ಥಿಯು ಹನ್ನೆರಡನೆಯದನ್ನು ಯಾವ ರಾಜ್ಯದಲ್ಲಿ ಪಾಸು ಮಾಡಿರುವನೋ ಆ ರಾಜ್ಯದವನೆಂದು ಎಣಿಸುತ್ತಾರೆ. ಮುಂಬಯಿಯಲ್ಲಿ ಓದಿದವನಿಗೆ ಮೂಲ್ಕಿಯಲ್ಲಿ ಮನೆಯಿದ್ದರೂ ಅಲ್ಲಿ ಹೊರರಾಜ್ಯದ ಪಾಲಿನಲ್ಲಿಯೇ ಸ್ಪರ್ಧೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಮಾತ್ರ ಹೊರನಾಡು ಹಾಗೂ ಗಡಿನಾಡು ಕನ್ನಡಿಗರಿಗೆ ಅರ್ಹತೆಯ ಪ್ರತ್ಯೇಕ ನಿಬಂಧನೆಗಳಿವೆ. ಅವರಿಗಾಗಿ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಮಗುವಿಗೆ ಕನ್ನಡ ಕಲಿಸುವುದರಿಂದ ಏನು ಪ್ರಯೋಜನವೆಂದು ಕೇಳುವ ಪಾಲಕರು ಇದನ್ನು ಗಮನಿಸಬೇಕು. ಆಯಾ ವರ್ಷದ ಕೈಪಿಡಿಯನ್ನು ಓದಿ, ಬೇಕಾದ ಪತ್ರಗಳನ್ನು ಮೊದಲೇ ಜೋಡಿಸಿಕೊಳ್ಳುವುದು ಕ್ಷೇಮ.

ಹಣದ ಮಾತಿಗೆ ಬರೋಣ; ನಮ್ಮ ವಾಚಕರ ಪೈಕಿ ಬಹುಮಂದಿಗೆ ಅದೇ ಮೊದಲ ಮಾತು. ಎ.ಐ.ಸಿ.ಟಿ.ಇ. ಮನ್ನಣೆಯ ವಿದ್ಯಾಲಯಗಳಲ್ಲಿ ಬೋಧನ ಶುಲ್ಕದ ಮನ್ನಾ ಯೋಜನೆಯೊಂದಿದೆ. ಮಂಜೂರಾದ ಸ್ಥಾನಗಳ ಮೇಲೆ ಶೇಕಡಾ 5ರಷ್ಟು ಹೆಚ್ಚುವರಿ ಸ್ಥಾನಗಳನ್ನು, ಪಾಲಕರ ವಾರ್ಷಿಕ ವರಮಾನ 8 ಲಕ್ಷ ರೂಪಾಯಿಗಿಂತ ಕಡಿಮೆಯಿರುವ ಪ್ರತಿಭಾವಂತರಿಗೆ ಕೊಡಲಾಗುತ್ತದೆ. ಅರ್ಜಿಯಲ್ಲಿ ಅದನ್ನು ಕೋರಬೇಕು. ವರಮಾನದ ಪ್ರಮಾಣಪತ್ರ ಕೈಯಲ್ಲಿರಬೇಕು. ಪತ್ರವನ್ನು ತರಲು ತಡವಾದುದರಿಂದಲೇ ಸ್ಥಾನ ಕಳೆದುಕೊಂಡವರನ್ನು ನಾವು ಬಲ್ಲೆವು. ಎಸ್.ಎಸ್.ಎಲ್.ಸಿ.ಯ ಮೇಲೆ ಮೂರು ವರ್ಷಗಳ ಡಿಪ್ಲೊಮಾ ಮಾಡಿ, ಅನಂತರ ನೇರವಾಗಿ ಪದವಿಯ ಎರಡನೆಯ ವರ್ಷಕ್ಕೆ ಸೇರುವ ಮಾರ್ಗವೂ ಉಂಟು. ಬೇಗ ಸಂಪಾದನೆಗೆ ನಿಲ್ಲಬೇಕಾದ ಮನೆಯ ಹುಡುಗನಿಗೆ ಇದು ಸುರಕ್ಷಿತವಾದ ದಾರಿ. ಡಿಪ್ಲೊಮಾ ಮುಗಿದೊಡನೆ ಕೆಲಸಕ್ಕೂ ಸೇರಬಹುದು, ಓದನ್ನೂ ಮುಂದುವರಿಸಬಹುದು. ಬ್ಯಾಂಕಿನ ಶಿಕ್ಷಣ ಸಾಲ ಕೊನೆಯ ಉಪಾಯವಾಗಿರಲಿ. ಸಾಲ ಮಾಡಿಯೇ ಓದಿಸುವುದಾದರೆ ಆ ವಿದ್ಯಾಲಯದ ಪ್ರಯೋಗಶಾಲೆಯನ್ನು ಕಣ್ಣಾರೆ ನೋಡಿ, ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ, ಅನಂತರವೇ ಸಹಿ ಹಾಕತಕ್ಕದ್ದು. ಬಣ್ಣದ ಕಾಗದದ ಜಾಹೀರಾತನ್ನು ನಂಬಬಾರದು.

ಈ ವಿದ್ಯೆಯು ನಮ್ಮ ನಾಡಿಗೆ ಹೊಸತೆಂದು ಭಾವಿಸುವವರಿಗೆ ಒಂದು ಮಾತು. ಮೊದಲನೆಯ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಕೈಕಟ್ಟಿ ಕೂರದೆ, ಗಂಧದೆಣ್ಣೆಯನ್ನು ಇಲ್ಲಿಯೇ ಇಳಿಸಿ, ಅದರಿಂದ ಸಾಬೂನು ಮಾಡಿ ಲೋಕಕ್ಕೆ ಮಾರಿದುದು ಹಿಂದಿನ ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ ಹಾಗೂ ವಿಶ್ವೇಶ್ವರಯ್ಯನವರ ದೂರದೃಷ್ಟಿಗೆ ರಸಾಯನದ ವಿದ್ಯೆಯನ್ನು ಜೋಡಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು 'ಸೋಪು ಶಾಸ್ತ್ರಿ' ಎಂದೇ ಕರೆದರು. ಕರಾವಳಿಯಲ್ಲಿ ಪಣಂಬೂರಿನ ಗೊಬ್ಬರದ ಕಾರ್ಖಾನೆ 1976ರಲ್ಲಿಯೂ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ 1996ರಲ್ಲಿಯೂ ಕೆಲಸ ಆರಂಭಿಸಿದವು. ಊರು ಬಿಟ್ಟು ಬಂದ ಹುಡುಗನು ಒಂದು ದಿನ ಊರಿಗೇ ಮರಳಿ ದುಡಿಯುವ ಸಂಭವ ಈ ಶಾಖೆಯಲ್ಲಿಯೂ ಇಲ್ಲದಿಲ್ಲ.

ಆದರೆ ಹೊಗಳಿಕೆಯ ಮಾತನ್ನಷ್ಟೇ ಆಡಿ ಮುಗಿಸಿದರೆ ವಾಚಕರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಈ ಕೆಲಸದಲ್ಲಿ ಪಾಳಿಯುಂಟು, ರಾತ್ರಿಯ ದುಡಿಮೆಯುಂಟು. ಕಾರ್ಖಾನೆಗಳು ಪಟ್ಟಣದಿಂದ ದೂರ. ಮೊದಲ ಸಂಬಳವು ಗಣಕಯಂತ್ರದ ದೊಡ್ಡ ಸಂಸ್ಥೆಗಳು ಕೊಡುವಷ್ಟು ಇರಲಿಕ್ಕಿಲ್ಲ. ನಾಲ್ಕು ವರ್ಷ ಇದನ್ನೋದಿ ಕೊನೆಗೆ ಗಣಕಯಂತ್ರದ ಕೆಲಸಕ್ಕೇ ಸೇರುವವರೂ ಇದ್ದಾರೆ. ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಗಳಿಸಿದವರಿಗೆ ಸರಕಾರಿ ತೈಲ ಸಂಸ್ಥೆಗಳಂತಹ ಕಡೆ ಅವಕಾಶಗಳು ತೆರೆದಿರುವುದು ನಿಜ. ಅದಕ್ಕೆ ಪೈಪೋಟಿಯೂ ನಿಜ. ಬೇರೆಲ್ಲಿಯೂ ಸ್ಥಾನ ದೊರೆಯಲಿಲ್ಲವೆಂಬ ಒಂದೇ ಕಾರಣದಿಂದ ಮಗುವನ್ನು ಇದಕ್ಕೆ ತಳ್ಳಬಾರದು.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಅಪಾಯದ್ದು. ತಾಯಂದಿರ ಈ ಭಯ ನಿರಾಧಾರವೆಂದು ನಾವು ಹೇಳಲಾರೆವು. ಚೆಂಬೂರಿನಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಗಳ ಮಗ್ಗುಲಲ್ಲಿಯೇ ನಮ್ಮವರು ವಾಸವಾಗಿದ್ದಾರೆ. ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿ 2016ರ ಮೇ ತಿಂಗಳಲ್ಲಿಯೂ ಮತ್ತೆ 2024ರ ಮೇ ತಿಂಗಳಲ್ಲಿಯೂ ರಸಾಯನ ಕಾರ್ಖಾನೆಗಳು ಸ್ಫೋಟಗೊಂಡು ಜೀವಗಳು ಹೋದವು. ಸಹಸ್ರಾರು ಕನ್ನಡ ಕುಟುಂಬಗಳಿರುವ ಊರದು. ಭೋಪಾಲದ ವಿಷಯವನ್ನಂತೂ ಮರೆಯಲಾಗದು. 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೊಸಯನೇಟಿನ ತೊಟ್ಟಿಯೊಳಕ್ಕೆ ನೀರು ಸೇರಿತು. ಶಾಖವೇರಿ ಸುಮಾರು 40 ಟನ್ ವಿಷಾನಿಲ ಊರಿನ ಮೇಲೆ ಹರಡಿತು. ತೊಟ್ಟಿಯನ್ನು ತಂಪಾಗಿಡಬೇಕಾಗಿದ್ದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಹೊರಬಿದ್ದ ಅನಿಲವನ್ನು ಸುಟ್ಟುಹಾಕಬೇಕಾಗಿದ್ದ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಕಳಚಿಡಲಾಗಿತ್ತು. ಅನಿಲವನ್ನು ತೊಳೆಯಬೇಕಾಗಿದ್ದ ಯಂತ್ರ ಅಷ್ಟು ದೊಡ್ಡ ಪ್ರವಾಹವನ್ನು ತಡೆಯುವ ಸ್ಥಿತಿಯಲ್ಲಿರಲಿಲ್ಲ. ನೀರು ಹೇಗೆ ಸೇರಿತೆಂಬುದರ ಬಗ್ಗೆ ವಾದವಿವಾದಗಳಿದ್ದರೂ ಕಾವಲಿನ ಯಂತ್ರಗಳು ನಿದ್ರಿಸುತ್ತಿದ್ದುವೆಂಬುದರಲ್ಲಿ ವಿವಾದವಿಲ್ಲ.

ಇದರಿಂದ ಕಲಿಯಬೇಕಾದ ಪಾಠವೇನು? ವಿದ್ಯಾವಂತ ಮಕ್ಕಳನ್ನು ಕಾರ್ಖಾನೆಯಿಂದ ದೂರವಿಡಬೇಕೆಂಬುದೇ? ನಾವು ದೂರವಿಟ್ಟ ಮಾತ್ರಕ್ಕೆ ಕಾರ್ಖಾನೆ ಮುಚ್ಚುವುದಿಲ್ಲ. ಅರೆಬರೆ ತಿಳಿದವರ ಕೈಗೆ ಅದು ಬೀಳುತ್ತದೆ, ಅಷ್ಟೇ. ಬಾಗಿಲ ಕಾವಲಿನವನೂ ಮೂಟೆ ಹೊರುವವನೂ ಆಗಿ ಬಡವರ ಮಕ್ಕಳು ಹೇಗೂ ಒಳಗೆ ಹೋಗಿಯೇ ಹೋಗುತ್ತಾರೆ. ಒತ್ತಡದ ಮುಳ್ಳನ್ನು ಓದಬಲ್ಲ, ತಂಪಿನ ಯಂತ್ರವನ್ನು ನಿಲ್ಲಿಸಕೂಡದೆಂದು ಮಾಲಿಕನೆದುರು ಲೆಕ್ಕ ಹಾಕಿ ತೋರಿಸಬಲ್ಲ ಇಂಜಿನಿಯರನೊಬ್ಬನು ಅಲ್ಲಿದ್ದರೆ ಅದರ ಪ್ರಯೋಜನ ಗೋಡೆಯಾಚೆ ಮಲಗಿದ ಸಾವಿರಾರು ಮಂದಿಗೆ. ಸಂಬಳದ ಪಟ್ಟಿಯಲ್ಲಿ ಕಾಣದ ಈ ಗೌರವವನ್ನು ನಮ್ಮ ಸಮಾಜ ಗುರುತಿಸಬೇಕಾಗಿದೆ.

ಪರಿಸರ ಇಂಜಿನಿಯರಿಂಗ್ ಈ ಶಾಖೆಯ ನೆರೆಯ ಮನೆ. 1974ರ ಜಲಮಾಲಿನ್ಯ ಕಾಯಿದೆ, 1981ರ ವಾಯುಮಾಲಿನ್ಯ ಕಾಯಿದೆ, ಭೋಪಾಲದ ಬೆನ್ನಿಗೆ ಬಂದ 1986ರ ಪರಿಸರ ಸಂರಕ್ಷಣಾ ಕಾಯಿದೆ ಇವುಗಳಿಂದಾಗಿ ಕೊಳಕು ನೀರನ್ನು ಹಾಗೆಯೇ ಹೊರಬಿಡುವುದು ಅಪರಾಧವಾಗಿದೆ. ನದಿಗೆ ಬಿಡುವ ನೀರಿನಲ್ಲಿ ಜೈವಿಕ ಆಮ್ಲಜನಕದ ಬೇಡಿಕೆಯು ಸಾಮಾನ್ಯವಾಗಿ ಲೀಟರಿಗೆ 30 ಮಿಲಿಗ್ರಾಂ ಮೀರಕೂಡದು. ಅನ್ನದ ಗಂಜಿ, ಎಣ್ಣೆ, ಎಂಜಲು ಸೇರಿದ ನಮ್ಮ ಹೋಟೆಲಿನ ನೀರು ಇದಕ್ಕಿಂತ ಎಷ್ಟೋ ಪಟ್ಟು ಹೊಲಸು. ಅದನ್ನು ಶುದ್ಧಿಗೊಳಿಸುವ ಪ್ರಸಿದ್ಧ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ರೂಪಿಸಿದರು. ಗಾಳಿಯೂದಿ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಕೊಳೆಯನ್ನು ಅವುಗಳಿಗೇ ಉಣಿಸುವುದು ಅದರ ತತ್ತ್ವ. ಬೆಂಗಳೂರಿನ ಬೆಳ್ಳಂದೂರು ಕೆರೆಯು ನೊರೆಯುಕ್ಕಿಸಿ, ಬೆಂಕಿಯನ್ನೂ ಹೊತ್ತಿಸಿಕೊಂಡು ನಾಡಿಗೇ ನಾಚಿಕೆ ತಂದುದು ಈ ವಿದ್ಯೆ ತಿಳಿಯದೆ ಅಲ್ಲ, ತಿಳಿದುದನ್ನು ಆಚರಿಸದೆ.

ಹೋಟೆಲಿನವರಿಗೆ ಇನ್ನೂ ಸಮೀಪದ ಉದಾಹರಣೆಯೊಂದಿದೆ. ಕರಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳ ಪ್ರಮಾಣ ಶೇಕಡಾ 25 ಮೀರಿದರೆ ಅದನ್ನು ಮತ್ತೆ ಬಳಸಕೂಡದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಆ ಎಣ್ಣೆಯನ್ನು ಮೋರಿಗೆ ಸುರಿಯುವುದು ಪಾಪ. ಗಾಡಿಯವನಿಗೆ ಮಾರಿ ಮತ್ತೊಬ್ಬರ ಹೊಟ್ಟೆಗೆ ಸೇರಿಸುವುದು ಮಹಾಪಾಪ. ಅದನ್ನು ಮೆಥನಾಲ್ ಮತ್ತು ಕ್ಷಾರದೊಡನೆ ಕಾಯಿಸಿದರೆ ವಾಹನಕ್ಕೆ ಬಳಸುವ ಜೈವಿಕ ಡೀಸೆಲ್ ಒಂದು ಕಡೆ, ಗ್ಲಿಸರಿನ್ ಇನ್ನೊಂದು ಕಡೆ ಬೇರ್ಪಡುತ್ತವೆ. ಉಪಯೋಗಿಸಿದ ಎಣ್ಣೆಯನ್ನು ಸಂಗ್ರಹಿಸಿ ಹೀಗೆ ಮಾಡುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿಯೇ ಆರಂಭಿಸಿತು. ಈ ಉದ್ಯಮಕ್ಕೆ ಬೇಕಾದ ಕಚ್ಚಾ ಸಾಮಗ್ರಿ ನಮ್ಮವರ ಬಾಣಲೆಗಳಲ್ಲಿಯೇ ಇರುವಾಗ, ಅದರ ವಿದ್ಯೆ ನಮ್ಮ ಮಕ್ಕಳ ತಲೆಯಲ್ಲಿಯೂ ಏಕಿರಬಾರದು?

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕಾರ್ಖಾನೆಯೆಂದರೆ ಗಂಡಸರದು ಎಂಬ ಭಾವನೆಯಿಂದ ಗಣಿತದಲ್ಲಿ ಜಾಣೆಯಾದ ಮಗಳನ್ನು ತಡೆಯಬೇಡಿ. ವಿನ್ಯಾಸ, ಸಂಶೋಧನೆ, ಪರೀಕ್ಷಣ, ಮಾಲಿನ್ಯ ನಿಯಂತ್ರಣ ಮುಂತಾದ ಅನೇಕ ಕಾರ್ಯಗಳು ಈ ವಿದ್ಯೆಯ ವ್ಯಾಪ್ತಿಯಲ್ಲಿವೆ. ಯಂತ್ರದ ಮುಂದೆಯೇ ನಿಂತು ದುಡಿಯುವ ಹೆಣ್ಣುಮಕ್ಕಳೂ ಇದ್ದಾರೆ.

ಕೊನೆಯದಾಗಿ, ನಮ್ಮ ಸಂಘಸಂಸ್ಥೆಗಳಿಗೂ ಹೋಟೆಲು ಮಾಲಿಕರಿಗೂ ಒಂದು ಬಿನ್ನಹ. ಹಗಲಲ್ಲಿ ಕಪ್ಪುಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತ ಮಾಣಿಗಳ ಸಂತತಿ ನಾವು. ಆ ರಾತ್ರಿ ಶಾಲೆಗಳನ್ನು ಕಟ್ಟಿದ ಹಿರಿಯರಲ್ಲಿ ಅನೇಕರಿಗೆ ಸ್ವತಃ ಓದುವ ಭಾಗ್ಯವಿರಲಿಲ್ಲ. ಎಸ್.ಎಸ್.ಎಲ್.ಸಿ.ಯ ಹೊಸ್ತಿಲಲ್ಲಿಯೇ ನಿಂತ ನಮ್ಮಂಥವರಿಗೆ ಆ ಹಸಿವಿನ ಅರಿವಿದೆ. ಇಂದು ರಾತ್ರಿ ಶಾಲೆಯ ಅಗತ್ಯ ಕಡಿಮೆಯಾಗಿರಬಹುದು. ಮಾರ್ಗದರ್ಶನದ ಅಗತ್ಯ ಕಡಿಮೆಯಾಗಿಲ್ಲ. ಪ್ರವೇಶದ ತಿಂಗಳುಗಳಲ್ಲಿ ವಾರಕ್ಕೊಂದು ಸಂಜೆ ಸಂಘದ ಸಭಾಂಗಣವನ್ನು ತೆರೆದಿಟ್ಟು, ಅರ್ಜಿ ತುಂಬಿಸಲು ತಿಳಿದವರೊಬ್ಬರನ್ನು ಕೂರಿಸಬಹುದು. ಹಳೆಯ ಪಠ್ಯಪುಸ್ತಕಗಳನ್ನು ಸಂಗ್ರಹಿಸಿ ಎರವಲು ಕೊಡಬಹುದು. ನಮ್ಮವರೇ ಆದ ಇಂಜಿನಿಯರರನ್ನು ಕರೆಸಿ, ಸನ್ಮಾನದ ಶಾಲು ಹೊದಿಸುವ ಬದಲು ಮಕ್ಕಳೊಡನೆ ಎರಡು ಗಂಟೆ ಮಾತನಾಡಿಸಬಹುದು. ಮಾಲಿಕರು ತಮ್ಮಲ್ಲಿ ದುಡಿಯುವವನ ಮಗುವಿನ ಒಂದು ವರ್ಷದ ಶುಲ್ಕವನ್ನು ಹೊತ್ತರೆ, ಅದು ವಾರ್ಷಿಕೋತ್ಸವದ ಮಂಟಪದ ಖರ್ಚಿಗಿಂತ ಹೆಚ್ಚು ಕಾಲ ಬಾಳುವ ಕಾರ್ಯ.

ಪಾಲಕರಲ್ಲಿ ನಾವು ಬೇಡುವುದಿಷ್ಟೇ: ನೆರೆಮನೆಯವರು ಯಾವ ಶಾಖೆಯನ್ನು ಹೊಗಳಿದರೆಂದು ನೋಡಬೇಡಿರಿ, ನಿಮ್ಮ ಮಗು ಯಾವ ಪುಸ್ತಕವನ್ನು ಹೇಳದೆಯೇ ತೆರೆಯುತ್ತದೆಂದು ನೋಡಿರಿ. ಅದು ಗಣಿತದ್ದೂ ರಸಾಯನದ್ದೂ ಆಗಿದ್ದರೆ, 'ಕೆಮಿಕಲ್' ಎಂಬ ಹೆಸರಿಗೆ ಹೆದರಬೇಡಿರಿ.